ಸರಾಸರಿ ಎಂಬ ದೇಶ

2011ನೆಯ ಇಸವಿ ಏಪ್ರಿಲ್ 6ರ ಸಂಜೆ ಪೋರ್ಚುಗಲ್ಲಿನ ಪ್ರಧಾನಿ ಜೋಸೆ ಸಾಕ್ರಟಿಸ್ ತಮ್ಮ ಸರಕಾರ ಯೂರೋಪಿನ ನೆರವನ್ನು ಬೇಡಲು ನಿರ್ಧರಿಸಿದೆಯೆಂದು ಜನರಿಗೆ ತಿಳಿಸಿದರು. ಸಾಲ ಹುಟ್ಟುವ ಬಾಗಿಲುಗಳೆಲ್ಲ ಮುಚ್ಚಿದ್ದವು. ಮಾರನೆಯ ದಿನ ಫ್ರಾಂಕ್‌ಫರ್ಟಿನ ಯೂರೋಪಿಯನ್ ಕೇಂದ್ರ ಬ್ಯಾಂಕು ಬಡ್ಡಿಯ ದರವನ್ನು ಶೇಕಡಾ 1ರಿಂದ 1.25ಕ್ಕೆ ಏರಿಸಿತು. ಗ್ರೀಸು, ಐರ್ಲೆಂಡುಗಳು ಹಿಂದಿನ ವರ್ಷವೇ ಕೈಯೊಡ್ಡಿ ನಿಂತಿದ್ದವು. ಸ್ಪೇನಿನಲ್ಲಿ ದುಡಿಯಬಲ್ಲ ಐವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಅದೇ ಜುಲೈಯಲ್ಲಿ ಬಡ್ಡಿ ಇನ್ನೊಂದು ಮೆಟ್ಟಿಲು ಹತ್ತಿ 1.5 ಆಯಿತು. ನವೆಂಬರಿನಲ್ಲಿ ಅಧ್ಯಕ್ಷರು ಬದಲಾದರು. ಟ್ರಿಶೆ ಹೋಗಿ ಡ್ರಾಗಿ ಬಂದರು. ಬಂದ ವಾರದಲ್ಲೇ ಒಂದು ಮೆಟ್ಟಿಲು, ಡಿಸೆಂಬರಿನಲ್ಲಿ ಮತ್ತೊಂದು ಮೆಟ್ಟಿಲು ಇಳಿದು, ವರ್ಷ ಮುಗಿಯುವುದರೊಳಗೆ ಬಡ್ಡಿ ಹೊರಟಲ್ಲಿಗೇ ಬಂದು ಕುಳಿತಿತು.

ಈ ಏರಿಳಿತವನ್ನು ನೆನೆದು ಆ ಮಂಡಳಿಯಲ್ಲಿ ಕುಳಿತವರು ಮೂರ್ಖರೆಂದೋ ಕ್ರೂರರೆಂದೋ ಬಯ್ಯುವವರಿದ್ದಾರೆ. ನಾನು ಅವರ ಗುಂಪಿನವನಲ್ಲ. ಆ ಮಹನೀಯರು ಓದಿದವರು, ಸಂಭಾವಿತರು. ಯೂರೋ ನಾಡುಗಳ ಹಣದುಬ್ಬರ ಶೇಕಡಾ ಎರಡೂವರೆಯನ್ನು ದಾಟಿತ್ತು. ಎರಡರ ಹತ್ತಿರ, ಆದರೆ ಎರಡರ ಕೆಳಗೆ ಇರತಕ್ಕದ್ದು ಎಂಬುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟು. ಎಣ್ಣೆಯ ಬೆಲೆ ಏರಿತ್ತು, ಅದು ಕೂಲಿಗೂ ಉಳಿದ ಸರಕಿಗೂ ತಗುಲೀತೆಂಬ ಭಯವಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಲೆಕ್ಕ ಯಾವ ದೇಶದ್ದು ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಅದು ಜರ್ಮನಿಯದಲ್ಲ, ಪೋರ್ಚುಗಲ್ಲಿನದೂ ಅಲ್ಲ. ಅದು 'ಸರಾಸರಿ' ಎಂಬ ದೇಶದ್ದು. ಆ ದೇಶಕ್ಕೆ ಭೂಪಟದಲ್ಲಿ ಜಾಗವಿಲ್ಲ, ಅಲ್ಲಿ ಯಾರೂ ಹುಟ್ಟಿಲ್ಲ, ಸತ್ತಿಲ್ಲ. ಆದರೂ ಯೂರೋಪಿನ ಮೂವತ್ತೈದು ಕೋಟಿ ಜನರ ಬಡ್ಡಿಯನ್ನು ನಿಶ್ಚಯಿಸುವುದು ಆ ದೇಶದ ಕ್ಷೇಮ ಸಮಾಚಾರವೇ.

ಹೊಳೆಯ ಆಳದ ಸರಾಸರಿ ತೆಗೆದು, ಮೊಳಕಾಲುದ್ದವೇ ನೀರೆಂದು ಹೆಂಡತಿ ಮಕ್ಕಳನ್ನು ದಾಟಿಸಹೋದ ಶಾನುಭೋಗರ ಕತೆ ನಮ್ಮಲ್ಲಿ ಹಳೆಯದು. ಕತೆಯ ಶಾನುಭೋಗರು ದಡಕ್ಕೆ ಬಂದು ಲೆಕ್ಕವನ್ನು ಮತ್ತೆ ಕೂಡಿ ನೋಡಿದರಂತೆ; ಲೆಕ್ಕ ಸರಿಯಾಗಿಯೇ ಇತ್ತು.

ವಿಪರ್ಯಾಸವೇನೆಂದರೆ, ಒಂದು ದೇಶದ ಅಗತ್ಯಕ್ಕೆ ಇತರರು ಬಲಿಯಾಗಬಾರದು ಎಂದೇ ಈ ನಾಣ್ಯ ಹುಟ್ಟಿದ್ದು. ಎರಡು ಜರ್ಮನಿಗಳು ಒಂದಾದ ಮೇಲೆ ತನ್ನ ಮನೆಯ ಬೆಲೆಯೇರಿಕೆಯನ್ನು ತಡೆಯಲು ಜರ್ಮನಿಯ ಬುಂಡೆಸ್‌ಬ್ಯಾಂಕು 1992ರ ಜುಲೈಯಲ್ಲಿ ತನ್ನ ದರವನ್ನು ಶೇಕಡಾ 8.75ಕ್ಕೆ ಒಯ್ದಿತು. ಮಾರ್ಕಿಗೆ ತಮ್ಮ ನಾಣ್ಯವನ್ನು ಕಟ್ಟಿಕೊಂಡಿದ್ದ ನೆರೆಯವರು ತಮಗೆ ಬೇಡದ ಬಡ್ಡಿಯನ್ನು ಹೊರಬೇಕಾಯಿತು. ಸೆಪ್ಟೆಂಬರ್ 16ರಂದು ಬ್ರಿಟನ್ ಆ ಕಟ್ಟನ್ನು ಹರಿದುಕೊಂಡು ಹೊರಬಿದ್ದಿತು; ಇಟಲಿಯೂ ಹಿಂದೆಯೇ ಹೊರಬಂತು. ಫ್ರೆಂಚರು ಹೇಳಿದರು: ಬಡ್ಡಿಯನ್ನು ಜರ್ಮನಿಯೊಂದೇ ತನಗಾಗಿ ನಿಶ್ಚಯಿಸುವುದಕ್ಕಿಂತ ಎಲ್ಲರೂ ಕುಳಿತು ಎಲ್ಲರಿಗಾಗಿ ನಿಶ್ಚಯಿಸೋಣ. ನ್ಯಾಯವಾದ ಮಾತು. 1999ರ ಜನವರಿ 1ರಂದು ಹನ್ನೊಂದು ದೇಶಗಳು ಸೇರಿ ಯೂರೋ ಆಯಿತು. 2026ರ ಜನವರಿಯಲ್ಲಿ ಬಲ್ಗೇರಿಯ ಸೇರಿ ಇಪ್ಪತ್ತೊಂದಾಯಿತು. ಎಲ್ಲರಿಗಾಗಿ ಎಂದು ಹೊರಟ ಮಾತು ಯಾವಾಗ ಯಾರಿಗಾಗಿಯೂ ಅಲ್ಲ ಎಂದಾಯಿತೋ ಅದನ್ನು ಗಮನಿಸಿದವರು ಕಡಿಮೆ.

ಗಮನಿಸಬಹುದಾಗಿತ್ತು. 2003ರ ಜೂನಿನಿಂದ 2005ರ ಡಿಸೆಂಬರಿನವರೆಗೆ ಎರಡೂವರೆ ವರ್ಷ ದರ ಶೇಕಡಾ 2ರಲ್ಲಿ ಅಲುಗಾಡದೆ ನಿಂತಿತ್ತು. ಜರ್ಮನಿಗೆ ಅದು ಬೇಕಾಗಿತ್ತು. 2005ರ ಜನವರಿಯಲ್ಲಿ ಅಲ್ಲಿ ಕೆಲಸವಿಲ್ಲದವರ ಪಟ್ಟಿ ಐವತ್ತು ಲಕ್ಷವನ್ನು ದಾಟಿತ್ತು; ಬೆಲೆಗಳು ವರ್ಷಕ್ಕೆ ಶೇಕಡಾ 1ರಿಂದ 2ರ ನಡುವೆ ತೆವಳುತ್ತಿದ್ದವು. ಅದೇ ಹೊತ್ತಿಗೆ ಸ್ಪೇನಿನಲ್ಲಿ ಬೆಲೆಗಳು ವರ್ಷಕ್ಕೆ ಶೇಕಡಾ 3ನ್ನು ಮೀರಿ ಏರುತ್ತಿದ್ದವು. ಎರಡರ ಸುತ್ತಿನ ಬಡ್ಡಿಗೆ ಸಾಲ ತಂದು, ಮೂರರ ಮೇಲೆ ಬೆಲೆ ಏರುವ ಊರಿನಲ್ಲಿ ಮನೆ ಕಟ್ಟುವವನಿಗೆ ಬಡ್ಡಿ ಎಲ್ಲಿ ಬಂತು? ಸಾಲ ಮಾಡದವನೇ ದಡ್ಡ. ಸರ್ ಆಲನ್ ವಾಲ್ಟರ್ಸ್ ಎಂಬವರು (ಶ್ರೀಮತಿ ಥ್ಯಾಚರ್ ಅವರಿಗೆ ಸಲಹೆಗಾರರಾಗಿದ್ದವರು, ಅವರ ಉಳಿದ ಅಭಿಪ್ರಾಯಗಳು ನನಗೆ ಹಿಡಿಸುವುದಿಲ್ಲ, ಅದು ಬೇರೆ ಮಾತು) ಯೂರೋ ಹುಟ್ಟುವ ಮೊದಲೇ ಇದನ್ನು ಎಚ್ಚರಿಸಿದ್ದರು: ಒಂದೇ ಬಡ್ಡಿಯ ಕೆಳಗೆ ಬೆಲೆ ಹೆಚ್ಚು ಏರುವ ನಾಡಿಗೆ ಸಾಲ ಇನ್ನೂ ಅಗ್ಗವಾಗುತ್ತದೆ, ಆದುದರಿಂದ ಬೆಲೆ ಇನ್ನೂ ಏರುತ್ತದೆ, ಕುಗ್ಗಿದ ನಾಡಿಗೆ ಸಾಲ ತುಟ್ಟಿಯಾಗಿ ಅದು ಇನ್ನಷ್ಟು ಕುಗ್ಗುತ್ತದೆ. ಬೆಂಕಿಗೆ ಎಣ್ಣೆ, ಚಳಿಗೆ ನೀರು.

ಸ್ಪೇನ್, ಐರ್ಲೆಂಡುಗಳಲ್ಲಿ ಊರ ಹೊರಗಿನ ಬಯಲಿನಲ್ಲೆಲ್ಲ ಮನೆಗಳು ಎದ್ದವು. ಕೊಳ್ಳುವವರು ನಿಂತ ದಿನ ಅವು ಖಾಲಿ ಉಳಿದವು. ಐರ್ಲೆಂಡಿನ ಸರಕಾರ ತನ್ನ ಬ್ಯಾಂಕುಗಳನ್ನು ಉಳಿಸಲು 6,400 ಕೋಟಿ ಯೂರೋ ಸುರಿಯಬೇಕಾಯಿತು; ನೂರಕ್ಕೆ ಐದರ ಒಳಗಿದ್ದ ನಿರುದ್ಯೋಗ ಹದಿನೈದಕ್ಕೆ ಹೋಯಿತು. ಸ್ಪೇನಿನಲ್ಲಿ 2013ರಲ್ಲಿ ಅದು ಇಪ್ಪತ್ತಾರು. ಕೆಟ್ಟ ಬ್ಯಾಂಕರುಗಳು, ಕಣ್ಣು ಮುಚ್ಚಿದ ಮಂತ್ರಿಗಳು ಇದರಲ್ಲಿ ಪಾಲುದಾರರಲ್ಲವೆ? ಹೌದು. ಆದರೆ ಅವರಿಗೆ ಅಗ್ಗದ ಹಣ ಸಿಕ್ಕಿದ್ದು ಎಲ್ಲಿಂದ ಎಂಬುದನ್ನು ಮರೆತು ನೀತಿಪಾಠ ಹೇಳುವುದು ಫ್ರಾಂಕ್‌ಫರ್ಟಿನವರಿಗೆ ಶೋಭಿಸುವುದಿಲ್ಲ.

ಇದಕ್ಕೆ ಅವರ ಉತ್ತರ ಸಿದ್ಧವಾಗಿದೆ. "ನಮ್ಮ ಕೈಯಲ್ಲಿರುವುದು ಒಂದೇ ಬಡ್ಡಿ. ಒಂದು ಸಾಧನದಿಂದ ಒಂದೇ ಗುರಿ ಹೊಡೆಯಬಹುದು. ಆದುದರಿಂದ ನಾವು ಒಟ್ಟು ಮೊತ್ತವನ್ನು ನೋಡುತ್ತೇವೆ. ದೇಶ ದೇಶದ ವ್ಯತ್ಯಾಸ ಆಯಾ ಸರಕಾರಗಳ ಕೆಲಸ." ಕೇಳಲು ಎಷ್ಟು ನಿಷ್ಪಕ್ಷಪಾತವಾಗಿದೆ! ಆದರೆ ಸರಾಸರಿ ನಿಷ್ಪಕ್ಷಪಾತವಾದುದಲ್ಲ. ಅದನ್ನು ತೂಗುವ ತಕ್ಕಡಿಯಲ್ಲಿ ಹೆಚ್ಚು ಖರ್ಚು ಮಾಡುವ ದೇಶಕ್ಕೆ ಹೆಚ್ಚು ತೂಕ. ಜರ್ಮನಿಯೊಂದೇ ಕಾಲುಭಾಗಕ್ಕೂ ಮಿಕ್ಕು. ಹದಿಮೂರು ಲಕ್ಷ ಜನರ ಎಸ್ಟೋನಿಯ ತಕ್ಕಡಿಯ ಮುಳ್ಳನ್ನು ಅಲುಗಿಸಲಾರದು. 2022ರ ಆಗಸ್ಟಿನಲ್ಲಿ ಎಸ್ಟೋನಿಯದ ಹಣದುಬ್ಬರ ಶೇಕಡಾ 25ನ್ನು ದಾಟಿತ್ತು, ಫ್ರಾನ್ಸಿನದು 7ಕ್ಕೂ ಕೆಳಗಿತ್ತು. ಬ್ಯಾಂಕುಗಳ ಠೇವಣಿಗೆ ಫ್ರಾಂಕ್‌ಫರ್ಟ್ ಕೊಡುತ್ತಿದ್ದ ದರ ಇಬ್ಬರಿಗೂ ಸೊನ್ನೆ. ತಾಲಿನ್ನಿನ ಪಿಂಚಣಿದಾರನಿಗೆ ಆ ಸೊನ್ನೆಯ ಅರ್ಥವೇನು? ಅಲ್ಲಿಯ ಏರಿಕೆ ಬಹುಪಾಲು ವಿದ್ಯುತ್ತು, ಅನಿಲಗಳದು. ಬಡ್ಡಿಯಿಂದ ಅದು ತಗ್ಗುತ್ತಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಒಪ್ಪಿದ ಮೇಲೂ, ಅವನ ಉಳಿತಾಯದ ಐದನೆಯ ಒಂದು ಭಾಗ ವರ್ಷದಲ್ಲಿ ಕರಗಿದ್ದಕ್ಕೆ ಒಟ್ಟು ಮೊತ್ತದಲ್ಲಿ ಒಂದು ಚುಕ್ಕಿಯೂ ಬೀಳಲಿಲ್ಲ ಎಂಬುದು ಉಳಿಯುತ್ತದೆ.

ಸರಿಯಾದ ತಕ್ಕಡಿ ಯಾವುದು ಎಂಬ ಪ್ರಶ್ನೆಯನ್ನು ಪಂಡಿತರು ಎತ್ತದೆ ಬಿಟ್ಟಿಲ್ಲ. ಪಿಯರ್‌ಪಾವೊಲೊ ಬೆನಿನ್ಯೊ ಎಂಬ ಇಟಲಿಯ ಅರ್ಥಶಾಸ್ತ್ರಜ್ಞರು 2004ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ನಾಣ್ಯವೊಂದಾದ ನಾಡುಗಳಲ್ಲಿ ಬೆಲೆಗಳು ಬೇಗ ಹೊಂದಿಕೊಳ್ಳದೆ ಗಟ್ಟಿಯಾಗಿ ನಿಲ್ಲುವ ನಾಡಿಗೆ ಅದರ ಗಾತ್ರಕ್ಕಿಂತ ಹೆಚ್ಚು ತೂಕ ಕೊಡಬೇಕು, ಏಕೆಂದರೆ ತಪ್ಪಾದರೆ ಹೆಚ್ಚು ಕಾಲ ನರಳುವುದು ಅದೇ. ಪುಸ್ತಕದ ಸಿದ್ಧಾಂತ ತಾನೆ ಎನ್ನಬಹುದು. ಆದರೆ ದೇಶದ ಗಾತ್ರದಿಂದ ತೂಗುವುದೂ ಒಂದು ಸಿದ್ಧಾಂತವೇ. ಅದನ್ನು ಸಿದ್ಧಾಂತವೆಂದು ಒಪ್ಪಿಕೊಳ್ಳದಿರುವುದೊಂದೇ ವ್ಯತ್ಯಾಸ. ಹತ್ತು ದೇಶಗಳಲ್ಲಿ ನಿರುದ್ಯೋಗ ಹತ್ತರಂತೆ ಇರುವುದೂ, ಐದರಲ್ಲಿ ನಾಲ್ಕು, ಇನ್ನೈದರಲ್ಲಿ ಹದಿನಾರು ಇರುವುದೂ ಕಾಗದದ ಮೇಲೆ ಒಂದೇ. ನೆಲದ ಮೇಲೆ ಒಂದೇ ಅಲ್ಲ. ಹದಿನಾರು ಇರುವ ಊರಿನ ಹುಡುಗರು ಐದು ವರ್ಷ ಕೆಲಸ ಕಲಿಯದೆ ಕುಳಿತರೆ ಆರನೆಯ ವರ್ಷ ಬಡ್ಡಿ ಇಳಿಸಿ ಅವರನ್ನು ಎಬ್ಬಿಸಲಾಗುವುದಿಲ್ಲ.

ಇಲ್ಲಿ ಅವರ ಇನ್ನೊಂದು ಗುರಾಣಿ ಹೊರಬರುತ್ತದೆ. ಅದು ಮೊದಲಿನದಕ್ಕಿಂತ ಗಟ್ಟಿ. ಅನಿಶ್ಚಯದ ಗುರಾಣಿ. "ನಾಳೆ ಏನಾಗುವುದೋ ಯಾರಿಗೂ ತಿಳಿಯದು. ಕೈಯಲ್ಲಿರುವ ಅಂಕಿಗಳೇ ತಿದ್ದುಪಡಿಯಾಗುತ್ತವೆ. ಹೀಗಿರುವಲ್ಲಿ ನಿಧಾನವಾಗಿ, ಸಣ್ಣ ಹೆಜ್ಜೆಯಿಟ್ಟು ಹೋಗುವುದೇ ವಿವೇಕ."

ಅಂಕಿಗಳ ಮಾತು ನಿಜ, ಬೇಕಾದಷ್ಟು ನಿಜ. 2016ರ ಜುಲೈಯಲ್ಲಿ ಐರ್ಲೆಂಡು ಹಿಂದಿನ ವರ್ಷದ ತನ್ನ ಉತ್ಪನ್ನ ಶೇಕಡಾ 26ರಷ್ಟು ಬೆಳೆಯಿತೆಂದು ಪ್ರಕಟಿಸಿತು. ಡಬ್ಲಿನ್ನಿನ ಬೀದಿಯಲ್ಲಿ ಯಾರೂ ಅಂಥ ಬೆಳೆಯನ್ನು ಕಂಡಿರಲಿಲ್ಲ. ಕೆಲವು ಭಾರಿ ವಿದೇಶೀ ಕಂಪೆನಿಗಳು ತೆರಿಗೆಯ ಅನುಕೂಲಕ್ಕಾಗಿ ತಮ್ಮ ಆಸ್ತಿಯನ್ನು ಕಾಗದದಲ್ಲಿ ಅಲ್ಲಿಗೆ ಸಾಗಿಸಿದ್ದವು, ಅಷ್ಟೆ. ಆ ಅಂಕಿಯೂ ಸರಾಸರಿಯೊಳಗೆ ಸೇರಿತು. ಅಥನಾಸಿಯೊಸ್ ಆರ್ಫನೈಡಿಸ್ ಎಂಬ ವಿದ್ವಾಂಸರು ನಿರ್ಣಯದ ದಿನ ಕೈಯಲ್ಲಿರುವ ಅಂಕಿಗಳಿಗೂ ಆಮೇಲೆ ತಿದ್ದಿದ ಅಂಕಿಗಳಿಗೂ ಎಷ್ಟು ಅಂತರವೆಂದು 2001ರಲ್ಲಿ ತೋರಿಸಿ ಹೆಸರಾದವರು. ಅವರೇ 2011ರಲ್ಲಿ ಸೈಪ್ರಸ್ಸಿನ ಗವರ್ನರಾಗಿ ಆ ಮಂಡಳಿಯ ಸದಸ್ಯರಾಗಿದ್ದರು. ತಿಳಿವಳಿಕೆಯ ಕೊರತೆ ಅಲ್ಲಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆದರೆ ನಿಧಾನವೇ ವಿವೇಕ ಎಂಬ ತೀರ್ಮಾನ ಎಲ್ಲಿಂದ ಬಂತು? ಅದರ ಮೂಲ ಯೇಲಿನ ವಿಲಿಯಂ ಬ್ರೇನಾರ್ಡ್ ಅವರ 1967ರ ಒಂದು ಪ್ರಬಂಧ. ಮದ್ದಿನ ಕಸುವು ಎಷ್ಟೆಂದು ತಿಳಿಯದ ವೈದ್ಯ ಪೂರ್ತಿ ಪ್ರಮಾಣವನ್ನು ಕೊಡಬಾರದು, ಸ್ವಲ್ಪ ಕಡಿಮೆ ಕೊಡಬೇಕು ಎಂಬುದು ಅದರ ತಿರುಳು. ಒಪ್ಪತಕ್ಕದ್ದೇ. ಅಲ್ಲಿ ರೋಗಿ ಒಬ್ಬನೇ. ಇಲ್ಲಿ ಇಪ್ಪತ್ತೊಂದು ರೋಗಿಗಳು, ಒಂದೇ ಬಟ್ಟಲಿನ ಮದ್ದು. ಒಬ್ಬನಿಗೆ ಅದು ನೀರು, ಇನ್ನೊಬ್ಬನಿಗೆ ವಿಷ. ಇದು ಅಲಂಕಾರದ ಮಾತಲ್ಲ. ಪೋರ್ಚುಗಲ್, ಫಿನ್ಲೆಂಡುಗಳಲ್ಲಿ ಮನೆಯ ಸಾಲಗಳು ಬಹುತೇಕ ಏರಿಳಿಯುವ ಬಡ್ಡಿಯವು. ಸ್ಪೇನಿನಲ್ಲಿಯೂ ಬಹುಕಾಲ ಹಾಗೆಯೇ ಇತ್ತು. ಫ್ರಾಂಕ್‌ಫರ್ಟಿನಲ್ಲಿ ಕಾಲು ಶೇಕಡಾ ಏರಿದರೆ ವರ್ಷದೊಳಗೆ ಅಲ್ಲಿಯ ಸಂಸಾರದ ಕಂತು ಏರುತ್ತದೆ. ಜರ್ಮನಿ, ಫ್ರಾನ್ಸುಗಳಲ್ಲಿ ಹತ್ತು ವರ್ಷಕ್ಕೋ ಇಪ್ಪತ್ತು ವರ್ಷಕ್ಕೋ ಬಡ್ಡಿಯನ್ನು ಬಿಗಿಸಿ ಸಾಲ ಪಡೆಯುವುದು ರೂಢಿ. ಹಳೆಯ ಸಾಲಗಾರನಿಗೆ ಏರಿಕೆಯ ಸುದ್ದಿ ಬರಿಯ ಪತ್ರಿಕೆಯ ಸುದ್ದಿ. 'ಸಣ್ಣ ಹೆಜ್ಜೆ' ಎಂದರೆ ಯಾರ ಅಂಗಳದಲ್ಲಿ ಸಣ್ಣದು? ಬ್ರೇನಾರ್ಡರ ಮಾತನ್ನು ನಿಜವಾಗಿ ನಂಬುವವರು, ಮದ್ದು ಎಲ್ಲಿ ಅತಿಯಾಗಿ ತಾಗುತ್ತದೋ, ಎಲ್ಲಿ ಅದರ ಪರಿಣಾಮ ಊಹೆಗೆ ಸಿಕ್ಕದೋ ಆ ಮನೆಗಳನ್ನು ಮೊದಲು ನೋಡಬೇಕು. ಸರಾಸರಿ ಮಾಡುವುದು ಇದಕ್ಕೆ ತಿರುಗುಮುರುಗು. ಅದು ಅನಿಶ್ಚಯವನ್ನು ಅಳೆಯುವುದಿಲ್ಲ, ಹೂತುಹಾಕುತ್ತದೆ.

ಅಷ್ಟೇ ಅಲ್ಲ, ಎಚ್ಚರಿಕೆಯೆಂಬ ಪದಕ್ಕೆ ಅವರು ಕಾಲಕ್ಕೊಂದು ಅರ್ಥ ಕೊಟ್ಟಿದ್ದಾರೆ. 2011ರಲ್ಲಿ ಎಚ್ಚರಿಕೆಯೆಂದರೆ ಬಡ್ಡಿ ಏರಿಸುವುದು. 2022ರಲ್ಲಿ ಎಚ್ಚರಿಕೆಯೆಂದರೆ ಕಾಯುವುದು. ಜುಲೈಯವರೆಗೆ ಠೇವಣಿಯ ದರ ಸೊನ್ನೆಗಿಂತ ಅರ್ಧ ಕೆಳಗೇ ಉಳಿಯಿತು, ಹಣದುಬ್ಬರ ಆಗ ಎಂಟನ್ನು ಮೀರಿತ್ತು, ಅಕ್ಟೋಬರಿಗೆ ಹತ್ತೂವರೆ ದಾಟಿತು. ಎರಡು ಸಲವೂ ಬೆಲೆ ತೆತ್ತವರು ಸರಾಸರಿಯಿಂದ ದೂರವಿದ್ದವರೇ ಎಂಬುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಆ ಮಂಡಳಿಯ ಒಳನಡೆಯನ್ನು ಸ್ವಲ್ಪ ನೋಡಬೇಕು. ಆರು ಮಂದಿ ಕಾಯಂ ಅಧಿಕಾರಿಗಳು, ಜೊತೆಗೆ ಒಂದೊಂದು ದೇಶದ ಗವರ್ನರು. 2015ರಿಂದ ಮತಗಳು ಸರದಿಯ ಮೇಲೆ ಸುತ್ತುತ್ತವೆ: ದೊಡ್ಡ ಐವರಿಗೆ ನಾಲ್ಕು ಮತ, ಉಳಿದವರಿಗೆಲ್ಲ ಸೇರಿ ಹನ್ನೊಂದು. ಬಾಗಿಲಲ್ಲಿ ಕಾಲಿಡುವಾಗ ಪ್ರತಿಯೊಬ್ಬ ಗವರ್ನರೂ ತನ್ನ ದೇಶವನ್ನು ಹೊರಗೆ ಬಿಟ್ಟು ಬರಬೇಕು. ಅವನು ಅಲ್ಲಿ ಪ್ರತಿನಿಧಿಯಲ್ಲ, ವ್ಯಕ್ತಿ. ದೇಶಾಭಿಮಾನದಿಂದ ಮತ ಹಾಕದಿರಲಿ ಎಂಬ ಉದ್ದೇಶ ಒಳ್ಳೆಯದು. ಆದರೆ ಅಭಿಮಾನದ ಜೊತೆಗೆ ಅವನ ತಿಳಿವಳಿಕೆಯೂ ಹೊರಗೆ ಉಳಿದರೆ? ಲಿಸ್ಬನ್ನಿನಿಂದ ಬಂದವನಿಗೆ ಲಿಸ್ಬನ್ನಿನ ಕಂತಿನ ಸಂಕಟ ಉಳಿದೆಲ್ಲರಿಗಿಂತ ಚೆನ್ನಾಗಿ ಗೊತ್ತು. ಅನಿಶ್ಚಯದ ನಡುವೆ ಕುಳಿತವರಿಗೆ ಅದಕ್ಕಿಂತ ಬೆಲೆಯುಳ್ಳ ಅಂಕಿ ಮತ್ತಾವುದು? ಯಾರು ಯಾವ ಕಡೆ ಮತವಿತ್ತರು ಎಂಬುದನ್ನೂ ಹೇಳುವುದಿಲ್ಲ. ಹೇಳಿದರೆ ಆಯಾ ಸರಕಾರ ಒತ್ತಾಯ ಹೇರೀತಂತೆ. ನಮ್ಮ ರಿಸರ್ವ್ ಬ್ಯಾಂಕಿನ ಸಮಿತಿಯ ಆರು ಮಂದಿಯ ಮತವನ್ನು 2016ರಿಂದ ಹೆಸರು ಸಹಿತ ಪ್ರಕಟಿಸುತ್ತಾರೆ. ಆಕಾಶ ಕಳಚಿ ಬಿದ್ದಿಲ್ಲ.

ರಿಸರ್ವ್ ಬ್ಯಾಂಕಿನ ಹೆಸರು ಬಂದುದರಿಂದ ವಾಚಕರು ಕೇಳಬಹುದು: ನಮ್ಮದೂ ಒಂದೇ ರೂಪಾಯಿಯಲ್ಲವೆ? ಬಿಹಾರಕ್ಕೂ ಕೇರಳಕ್ಕೂ ಒಂದೇ ಬಡ್ಡಿಯಲ್ಲವೆ? ಹೌದು. ರಾಯಚೂರು, ಕಲಬುರಗಿ, ಬೀದರಗಳಲ್ಲಿ ಒಂದು ಕಾಲಕ್ಕೆ ನಿಜಾಮರ ಹಾಲಿ ಸಿಕ್ಕ ನಡೆಯುತ್ತಿತ್ತು. ಏಳು ಸಿಕ್ಕಕ್ಕೆ ಭಾರತದ ಆರು ರೂಪಾಯಿಯೆಂದು ಲೆಕ್ಕ. 1959ರಲ್ಲಿ ಅದು ಮುಗಿಯಿತು, ಯಾರೂ ಅದಕ್ಕಾಗಿ ಅಳುತ್ತಿಲ್ಲ. ಆದರೆ ರೂಪಾಯಿಯ ಹಿಂದೆ ಕೇಂದ್ರದ ಬೊಕ್ಕಸವಿದೆ, 1951ರಿಂದ ಹಣಕಾಸು ಆಯೋಗವಿದೆ, ಮಳೆ ಬಾರದ ಜಿಲ್ಲೆಯ ಕೂಲಿಯವನಿಗೆ ಬೆಂಗಳೂರಿನ ರೈಲು ಇದೆ. ಯೂರೋಪಿನ ಒಕ್ಕೂಟದ ಆಯವ್ಯಯ ಅದರ ಆದಾಯದ ನೂರರಲ್ಲಿ ಒಂದರ ಆಸುಪಾಸು. 2020ರ ಪಿಡುಗಿನ ಕಾಲದಲ್ಲಿ ಸೇರಿ ಸಾಲ ಮಾಡಲು ಒಪ್ಪಿದ್ದೇ ದೊಡ್ಡ ಸಂಗತಿ. ನಮ್ಮಲ್ಲಿಯೂ ಎಲ್ಲ ನೆಟ್ಟಗಿದೆಯೆಂದಲ್ಲ. 2025ರ ಅಕ್ಟೋಬರಿನಲ್ಲಿ ಅಖಿಲ ಭಾರತದ ಹಣದುಬ್ಬರ ಶೇಕಡಾ ಅರ್ಧಕ್ಕೂ ಕೆಳಗಿಳಿಯಿತೆಂದು ಹಿಗ್ಗಿದಾಗ ಕೇರಳದ್ದು ಎಂಟನ್ನು ದಾಟಿತ್ತು. ಸರಾಸರಿ ಎಂಬ ದೇಶಕ್ಕೆ ಇಲ್ಲಿಯೂ ಪ್ರಜೆಗಳನ್ನು ಸೇರಿಸುತ್ತಿದ್ದೇವೆ. ಆದರೂ ಇಲ್ಲಿ ಮುಳುಗುವವನಿಗೆ ಹಿಡಿಯಲು ಒಂದು ಹಗ್ಗವಾದರೂ ಉಂಟು.

ಹಗ್ಗವಿಲ್ಲದಿರುವುದು ತಮ್ಮ ತಪ್ಪಲ್ಲವೆಂದು ಫ್ರಾಂಕ್‌ಫರ್ಟಿನವರು ಹೇಳಿದರೆ ಒಪ್ಪಬಹುದು. ಹಗ್ಗವಿಲ್ಲವೆಂದು ತಿಳಿದೂ ಸರಾಸರಿ ಆಳವನ್ನೇ ನೋಡುವುದು ಮಾತ್ರ ಅವರದೇ ಆಯ್ಕೆ. ಹಾಗೆ ನೋಡದೆ ಬೇರೆ ದಾರಿಯಿಲ್ಲ ಎಂಬ ಮಾತನ್ನು ಅವರೇ ಸುಳ್ಳು ಮಾಡಿದ್ದಾರೆ. 2012ರ ಜುಲೈ 26ರಂದು ಡ್ರಾಗಿ ಲಂಡನ್ನಿನಲ್ಲಿ, ಯೂರೋವನ್ನು ಉಳಿಸಲು ತಮ್ಮ ಅಧಿಕಾರದೊಳಗೆ ಏನು ಬೇಕೋ ಅದನ್ನೆಲ್ಲ ಮಾಡುವೆವೆಂದರು. ಸೆಪ್ಟೆಂಬರಿನಲ್ಲಿ, ಸಂಕಟದಲ್ಲಿರುವ ದೇಶದ ಸಾಲಪತ್ರಗಳನ್ನು ಷರತ್ತಿನ ಮೇಲೆ ಕೊಳ್ಳುವ ಯೋಜನೆ ಹೊರಬಂತು. ಅದು ಸರಾಸರಿಗಾಗಿ ಅಲ್ಲ, ಸ್ಪೇನ್, ಇಟಲಿಯಂಥ ನಾಡುಗಳಿಗಾಗಿ. ಒಂದು ಯೂರೋ ಖರ್ಚಾಗಲಿಲ್ಲ. ಆ ನಾಡುಗಳ ಸಾಲದ ಬಡ್ಡಿ ಮಾತಿನಿಂದಲೇ ಇಳಿಯಿತು. 2022ರ ಜುಲೈಯಲ್ಲಿ ಬಡ್ಡಿ ಏರಿಸಿದ ದಿನವೇ ಅಂಥದೇ ಇನ್ನೊಂದು ಆಯುಧವನ್ನು ಪ್ರಕಟಿಸಿದರು. ಎಂದರೆ, ಬೆಂಕಿ ಹತ್ತಿದಾಗ ಮನೆಗಳ ಹೆಸರು ಅವರಿಗೆ ನೆನಪಾಗುತ್ತದೆ.

ಹತ್ತುವ ಮೊದಲೂ ನೆನಪಾಗಲಿ ಎಂಬುದಷ್ಟೇ ಜಗಳ. ನಾಣ್ಯವನ್ನು ಒಡೆಯಿರೆಂದು ಯಾರೂ ಕೇಳಬೇಕಾಗಿಲ್ಲ; ಅಷ್ಟು ಪಾಡುಪಟ್ಟ ಗ್ರೀಕರೇ 2015ರಲ್ಲಿ ಅದನ್ನು ಬಿಡಲಿಲ್ಲ. ಪ್ರತಿ ನಿರ್ಣಯದ ಜೊತೆಗೆ ಒಂದು ಪುಟ ಹೊರಬರಲಿ: ಈ ಬಡ್ಡಿ ಯಾವ ದೇಶಕ್ಕೆ ಬಿಗಿ, ಯಾವುದಕ್ಕೆ ಸಡಿಲು, ಯಾವುದರ ವಿಷಯದಲ್ಲಿ ನಮಗೆ ತಿಳಿಯದು, ಬಿಗಿಯಾದವರ ಸಂಕಟ ಮುಂದೆ ಸರಿಪಡಿಸಲಾಗುವಂಥದೋ ಅಲ್ಲವೋ. 2004ರಲ್ಲಿ ಅಂಥ ಪುಟವಿದ್ದಿದ್ದರೆ ಮ್ಯಾಡ್ರಿಡ್ಡಿನ ಅಧಿಕಾರಿಗಳು ಮನೆಯ ಸಾಲಕ್ಕೆ ತಮ್ಮದೇ ಅಂಕುಶ ಹಾಕದೆ ಇರಲು ಕಾರಣ ಹೇಳಬೇಕಾಗುತ್ತಿತ್ತು. 2011ರಲ್ಲಿ ಇದ್ದಿದ್ದರೆ, ಪೋರ್ಚುಗಲ್ಲಿನ ಎದುರು ಬಿಗಿ ಎಂದು ಬರೆದು ಅದರ ಕೆಳಗೆ ಸಹಿ ಹಾಕುವ ಕೈ ಸ್ವಲ್ಪವಾದರೂ ತಡೆಯುತ್ತಿತ್ತು. ಇದರಿಂದ ಬ್ಯಾಂಕಿನೊಳಗೆ ರಾಜಕೀಯ ನುಗ್ಗುತ್ತದೆ ಎನ್ನುತ್ತಾರೆ. ಯಾರ ಕೆಲಸ ಹೋಗಬೇಕು, ಯಾರ ಉಳಿತಾಯ ಕರಗಬೇಕು ಎಂಬುದನ್ನು ನಿಶ್ಚಯಿಸುವ ಕೋಣೆಯಲ್ಲಿ ರಾಜಕೀಯ ಇನ್ನೂ ಕಾಲಿಟ್ಟಿಲ್ಲವೆಂದು ನಂಬುವ ಮುಗ್ಧತೆ ನನಗಿಲ್ಲ.

2022ರ ಜುಲೈಯಿಂದ 2023ರ ಸೆಪ್ಟೆಂಬರಿನೊಳಗೆ ಠೇವಣಿಯ ದರ ಹತ್ತು ನೆಗೆತದಲ್ಲಿ ಸೊನ್ನೆಯ ಕೆಳಗಿನಿಂದ ನಾಲ್ಕಕ್ಕೆ ಏರಿತು. 2025ರ ಜೂನಿನೊಳಗೆ ಎರಡಕ್ಕೆ ಇಳಿಯಿತು. ಈ ನಡುವೆ, 2023ರಲ್ಲಿ, ಪೋರ್ಚುಗಲ್ ಸರಕಾರ ಹೊಸ ಕಾನೂನು ತಂದು ಮನೆಯ ಸಾಲದ ಕಂತನ್ನು ಎರಡು ವರ್ಷದ ಮಟ್ಟಿಗೆ ತಗ್ಗಿಸಿ ಬಿಗಿಸಿಕೊಳ್ಳಲು, ಉಳಿದುದನ್ನು ಆಮೇಲೆ ತೀರಿಸಲು ಸಾಲಗಾರರಿಗೆ ಅವಕಾಶ ಮಾಡಿಕೊಟ್ಟಿತು. ಫ್ರಾಂಕ್‌ಫರ್ಟಿನಲ್ಲಿ ಬಿಗಿಸಿದ ಗಂಟನ್ನು ಲಿಸ್ಬನ್ನಿನಲ್ಲಿ ಕುಳಿತು ಸಡಿಲಿಸುವ ಕೆಲಸ. ಹೀಗೆ ಬಿಗಿಸಿದವರೂ ಸಡಿಲಿಸಿದವರೂ ಸೇರಿ ಮುಂದಿನ ತಿಂಗಳ ಸರಾಸರಿ ಹೊರಬಂತು.